ಆಚೆ ದಡದ ವೇಷ: ಗೋವೆಯ ದೆಖ್ಣಿ ಹಾಡು ಮತ್ತು 'ಅಸಲಿ' ಎಂಬ ಮಾತು

ಬೆಳಗಾವಿಯಿಂದ ಚೋರ್ಲಾ ಘಾಟಿನ ಹಾದಿಯಾಗಿ ಗೋವೆಗೆ ಇಳಿಯುವ ನಮ್ಮಲ್ಲಿ ಬಹುಮಂದಿ ಸತ್ತರಿ ಸೀಮೆಯನ್ನು ನಿದ್ದೆಗಣ್ಣಿನಲ್ಲಿಯೇ ದಾಟಿಬಿಡುತ್ತೇವೆ. ಪೋರ್ಚುಗೀಸರಿಗೆ ನಿದ್ದೆ ಕೆಡಿಸಿದ ಸೀಮೆ ಅದು. ಅಲ್ಲಿಯ ರಾಣೆ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಮೂರು ಬಾರಿ ದೊಡ್ಡ ಪ್ರಮಾಣದಲ್ಲಿ ದಂಗೆಯೆದ್ದರು: 1852ರಲ್ಲಿ ದೀಪಾಜಿ ರಾಣೆ, 1869ರಲ್ಲಿ ಕುಷ್ಟೊಬಾ ರಾಣೆ, 1895ರಲ್ಲಿ ದಾದಾ ರಾಣೆ. ಮೂರನೆಯ ದಂಗೆಯನ್ನು ಅಡಗಿಸಲು ಲಿಸ್ಬನ್ನಿನಿಂದ ರಾಜಕುಮಾರನೇ ದಂಡಿನೊಡನೆ ಬರಬೇಕಾಯಿತು. ಆದರೂ ಜನರ ನಾಲಿಗೆಯಲ್ಲಿ ಉಳಿದ ಹೆಸರು ನಡುವಿನವನದು. ಕುಷ್ಟೊಬಾ ಎರಡು ವರ್ಷ ಕಾಡಿನಲ್ಲಿದ್ದುಕೊಂಡು ಸರಕಾರವನ್ನು ಕಾಡಿ, 1871ರಲ್ಲಿ ಹತನಾದ. ಸರಕಾರದ ಕಡತಗಳಲ್ಲಿ ಅವನು ದರೋಡೆಕೋರ, ಹಾಡಿನಲ್ಲಿ ವೀರ. 'ಕುಷ್ಟೊಬಾ' ಎಂದು ಅವನ ಹೆಸರನ್ನೇ ಹೊತ್ತಿರುವ ಹಾಡು, ಕಾಲ ಗೊತ್ತಿರುವ ದೆಖ್ಣಿಗಳಲ್ಲಿ ಅತಿ ಹಳೆಯವುಗಳಲ್ಲಿ ಒಂದೆಂದು ವಿದ್ವಾಂಸರು ಎಣಿಸುತ್ತಾರೆ.

ಇಲ್ಲಿಯವರೆಗಿನದು ನಮಗೆ ಪರಿಚಿತವಾದ ಕಥೆ. ಸಂಗೊಳ್ಳಿ ರಾಯಣ್ಣನ ಲಾವಣಿ ಕೇಳಿ ಬೆಳೆದವರಿಗೆ, ದಂಗೆಕೋರನು ಹಾಡಾಗುವುದು ಹೊಸ ಸಂಗತಿಯಲ್ಲ. ನಮ್ಮನ್ನು ತಡೆದು ನಿಲ್ಲಿಸುವುದು ಬೇರೆ. ದೆಖ್ಣಿಯನ್ನು ಹಾಡಿದವರು ಸತ್ತರಿಯ ಕಾಡಿನವರಲ್ಲ. ರಾಣೆಯರ ಕೋವಿಗೆ ಗುರಿಯಾಗಬಹುದಾಗಿದ್ದ ಹಳೆಯ ಗೋವೆಯ, ಅಂದರೆ ತಿಸ್ವಾಡಿ, ಬಾರ್ದೇಸ್, ಸಾಷ್ಟಿ ತಾಲ್ಲೂಕುಗಳ ಕ್ರೈಸ್ತ ಮನೆತನಗಳವರು. ಪಿಟೀಲು, ಪಿಯಾನೊ ಬಲ್ಲವರು. ಮನೆಯಲ್ಲಿ ಪೋರ್ಚುಗೀಸ್ ಆಡುವವರು. ಅವರು ತಮ್ಮ ಅಂಗಳದಲ್ಲಿ, ದೀಪದ ಬೆಳಕಿನಲ್ಲಿ, ಘುಮಟದ ಬಡಿತಕ್ಕೆ ಕಾಡಿನ ದಂಗೆಕೋರನನ್ನು ಹೆಸರು ಹಿಡಿದು ಕರೆದರು. ಅವರಿಗೆ ಅವನ ಮೇಲೆ ಮೆಚ್ಚುಗೆಯಿತ್ತೋ, ಭಯವಿತ್ತೋ, ದೂರದಲ್ಲಿ ನಿಂತು ಅಪಾಯವನ್ನು ಸವಿಯುವ ಸುಖವಿತ್ತೋ? ಮೂರೂ ಇದ್ದಿರಬಹುದು.

ದೆಖ್ಣಿ ಎಂದರೆ ದಖ್ಖನಿನವಳು. ಘಟ್ಟದ ಮೇಲಿನ ಸೀಮೆಯ ಹೆಣ್ಣು. ಹಾಡುವ ಹೆಣ್ಣುಮಕ್ಕಳು ಮನೆಯಲ್ಲಿ ಉಡದ ಸೀರೆಯನ್ನು ಉಟ್ಟು, ತುರುಬಿಗೆ ಹೂ ಮುಡಿದು, ಕಾಲಿಗೆ ಗೆಜ್ಜೆ ಕಟ್ಟಿ, ಕೆಲವೊಮ್ಮೆ ಅಂಗೈಯಲ್ಲಿ ಹಣತೆ ಹಿಡಿದು, ದೇವಾಲಯದ ಕಲಾವಂತೆಯಂತೆ ಅಭಿನಯಿಸುತ್ತಿದ್ದರು. ಅದೇ ಮನೆತನಗಳವರು ಮಾಂಡೊ ಹಾಡುವಾಗ ತಮ್ಮ ಪ್ರೇಮ, ತಮ್ಮ ವಿರಹವನ್ನೇ ಹಾಡುತ್ತಿದ್ದರು. ಉಡುತ್ತಿದ್ದುದೂ ತಮ್ಮದೇ ಉಡುಗೆ. ದೆಖ್ಣಿಗೆ ಮಾತ್ರ ವೇಷ ಬೇಕು. ಜೊಜೆ ಪೆರೇರಾ ಮತ್ತು ಮಿಕಾಯೆಲ್ ಮಾರ್ಟಿನ್ಸ್ ಎಂಬ ಇಬ್ಬರು ಸಂಗ್ರಾಹಕರು ಜೀವಮಾನವಿಡೀ ಈ ಹಾಡುಗಳನ್ನು ಕೂಡಿಹಾಕದೆ ಹೋಗಿದ್ದರೆ ಮಾಂಡೊ, ದುಲ್ಪದ್, ದೆಖ್ಣಿಗಳ ಈ ವ್ಯತ್ಯಾಸವನ್ನು ಕಾಣುವುದೂ ನಮಗೆ ಕಷ್ಟವಾಗುತ್ತಿತ್ತು.

ಈ ವೇಷಕ್ಕೆ ಒಂದು ಹಿಂದಣ ಕಥೆಯಿದೆ. ಗೋವೆಯ ಇನ್‌ಕ್ವಿಸಿಷನ್ ನ್ಯಾಯಪೀಠ 1736ರಲ್ಲಿ ಒಂದು ದೀರ್ಘ ಶಾಸನವನ್ನು ಹೊರಡಿಸಿತು. ಮತಾಂತರಗೊಂಡ ಮನೆಗಳಲ್ಲಿ ಇನ್ನೂ ಉಳಿದಿದ್ದ ಹಿಂದಿನ ಆಚರಣೆಗಳನ್ನು ಒಂದೊಂದಾಗಿ ಹೆಸರಿಸಿ ನಿಷೇಧಿಸುವುದು ಅದರ ಉದ್ದೇಶ. ಮದುವೆಯಲ್ಲಿ ಹೆಂಗಸರು ಹಾಡುತ್ತಿದ್ದ ಓವಿಗಳು, ಊರಿನ ವಾದ್ಯಗಳು, ಎಲೆ ಅಡಿಕೆ ಹಂಚುವ ಕೆಲವು ಕ್ರಮಗಳು, ಅಂಗಳದ ತುಳಸಿ, ಹಳೆಯ ರೀತಿಯ ಉಡುಪು, ಎಲ್ಲವೂ ಆ ಪಟ್ಟಿಯಲ್ಲಿದ್ದವು. ಪ್ರಿಯೋಳ್ಕರರು ಇನ್‌ಕ್ವಿಸಿಷನ್ನಿನ ಬಗ್ಗೆ 1961ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ವಿವರಗಳಿವೆ. ನ್ಯಾಯಪೀಠ ರದ್ದಾದದ್ದು 1812ರಲ್ಲಿ. ಅಂದರೆ ಅಜ್ಜಿಯರು ಓವಿ ಹಾಡಲು ಅಂಜಿದ ಮನೆಗಳಲ್ಲಿಯೇ ಅವರ ಸಂತತಿಯವರು ಎರಡು ಮೂರು ತಲೆಮಾರಿನ ನಂತರ ಸೀರೆಯುಟ್ಟು ಗೆಜ್ಜೆ ಕಟ್ಟಿದರು. ಕಳೆದುಕೊಂಡದ್ದನ್ನು ಆಟದ ನೆಪದಲ್ಲಿ ಮರಳಿ ಮುಟ್ಟಿನೋಡಿದಂತೆ ಅದು. ಆದ್ದರಿಂದ ದೆಖ್ಣಿಯನ್ನು ಬರಿಯ ಸೋಗು ಎಂದು ತಳ್ಳಿಹಾಕಲು ನಮಗೆ ಮನಸ್ಸಾಗುವುದಿಲ್ಲ. ಸ್ವಂತದ ಹಾಡನ್ನು ಕಿತ್ತುಕೊಂಡರೆ ಮನುಷ್ಯ ಇನ್ನೊಬ್ಬರ ಬಾಯಿಂದಲಾದರೂ ಹಾಡುತ್ತಾನೆ.

ಎಲ್ಲ ದೆಖ್ಣಿಗಳಲ್ಲಿ ಪ್ರಸಿದ್ಧವಾದದ್ದು ಕಾರ್ಲೋಸ್ ಯುಜೇನಿಯೊ ಫೆರೇರಾ ಅವರದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಚಿತವಾದ ಈ ಹಾಡನ್ನು ಬಸ್ತೊಡೆಯ ರಂಗೆಲ್ ಮುದ್ರಣಾಲಯ 1926ರಲ್ಲಿ ಅಚ್ಚು ಹಾಕಿತು. ದಾಮು ಎಂಬವನ ಮದುವೆಗೆಂದು ಆಚೆ ದಡಕ್ಕೆ ಹೋಗಬೇಕಾದ ಕಲಾವಂತೆ, ದಾರಿ ತಿಳಿಯದೆ, ದಾಟಿಸೆಂದು ಅಂಬಿಗನನ್ನು ಬೇಡುತ್ತಾಳೆ; ಮೈಮೇಲಿನ ಒಡವೆಗಳನ್ನು ಒಂದೊಂದಾಗಿ ಕೊಡಲು ಮುಂದಾಗುತ್ತಾಳೆ; ಅಂಬಿಗ ಒಲ್ಲೆ ಎನ್ನುತ್ತಾನೆ. ಇಷ್ಟೇ ಕಥೆ. ಆದರೆ ಗೋವೆಯ ಭೂಗೋಳ ಬಲ್ಲವರಿಗೆ ಆ ನದಿ ಬರಿಯ ನದಿಯಲ್ಲ. ಒಂದು ದಡದಲ್ಲಿ ಇಗರ್ಜಿಗಳ ಹಳೆಯ ಗೋವೆ; ಇನ್ನೊಂದು ದಡದಲ್ಲಿ, ಪೋರ್ಚುಗೀಸರ ಕೈಗೆ ತಡವಾಗಿ ಬಂದ ಫೋಂಡಾ ಸೀಮೆ, ಅಲ್ಲಿಗೆ ಒಯ್ದು ಉಳಿಸಿಕೊಂಡ ಮಂಗೇಶಿ, ಶಾಂತಾದುರ್ಗಾ, ಮ್ಹಾಳಸಾ ದೇವಾಲಯಗಳು. ಹಾಡಿನ ಹೆಣ್ಣು ದಾಟಬಯಸಿದ ನೀರು ಧರ್ಮಗಳ ನಡುವಿನ ನೀರೂ ಹೌದು. ಈ ಹಾಡಿನ ಧಾಟಿಯನ್ನು 1973ರ 'ಬಾಬ್ಬಿ' ಚಿತ್ರದಲ್ಲಿ ಲಕ್ಷ್ಮೀಕಾಂತ್ ಪ್ಯಾರೇಲಾಲರು ಬಳಸಿಕೊಂಡರು. ಅಲ್ಲಿಗೆ ಕಲಾವಂತೆ ಹೋಗಿ ಗೋವೆಯ ಬೆಸ್ತರ ಕುಣಿತ ಬಂತು. ದೇಶಕ್ಕೆ ಅದೇ 'ಅಸಲಿ ಗೋವೆ' ಆಯಿತು. ವೇಷದ ಮೇಲೊಂದು ವೇಷ. (ಪ್ಯಾರೇಲಾಲರಿಗೆ ಪಿಟೀಲು ಕಲಿಸಿದ ಗುರು ಮಜೋರ್ಡಾದ ಆಂಥೋನಿ ಗೊನ್ಸಾಲ್ವಿಸ್. 1958ರಲ್ಲಿ ಭಾರತೀಯ ಸಿಂಫನಿ ವಾದ್ಯವೃಂದ ಕಟ್ಟಿದ ಆ ಗಂಭೀರ ಸಂಗೀತಗಾರನ ಹೆಸರು ದೇಶಕ್ಕೆ ಪರಿಚಯವಾದದ್ದು 1977ರಲ್ಲಿ, ಮೊಟ್ಟೆಯೊಳಗಿಂದ ಹೊರಬಂದು ಕುಣಿಯುವ ಸಿನಿಮಾ ನಾಯಕನೊಬ್ಬನ ಮೂಲಕ.)

ಇಷ್ಟೆಲ್ಲ ನಡೆಯುವಾಗ ನಿಜವಾದ ಕಲಾವಂತೆಯರು ಏನು ಮಾಡುತ್ತಿದ್ದರು? ಈ ಚರಿತ್ರೆಯಲ್ಲಿ ನಮಗೆ ಅತ್ಯಂತ ಮುಖ್ಯವಾಗಿ ಕಾಣುವ ಪ್ರಶ್ನೆ ಇದು. ಅವರು ಆ ವೇಷವನ್ನು ಕಳಚುವ ಪ್ರಯತ್ನದಲ್ಲಿದ್ದರು. ಹುಟ್ಟಿನಿಂದ ಅಂಟಿಕೊಂಡ ಸೇವೆ, ಅದರ ಜೊತೆಗೆ ಬಂದ ಅವಮಾನ, ಮಕ್ಕಳಿಗೆ ತಂದೆಯ ಹೆಸರಿಲ್ಲದ ಬಾಳು, ಇವುಗಳಿಂದ ಬಿಡಿಸಿಕೊಳ್ಳಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಆ ಸಮುದಾಯ ಸಂಘಟಿತವಾಯಿತು. ಗೋಮಂತಕ ಮರಾಠಾ ಸಮಾಜ ಎಂಬ ಹೊಸ ಹೆಸರನ್ನು ಆರಿಸಿಕೊಂಡಿತು. ಆ ಚಳವಳಿಯ ಮುಂದಾಳು ರಾಜಾರಾಮ ಪೈಂಗಿಣಕರರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು 'ಮೀ ಕೋಣ', ಅಂದರೆ 'ನಾನು ಯಾರು'. ಅದು ವೇದಾಂತದ ಪ್ರಶ್ನೆಯಲ್ಲ. ಶಾಲೆಯ ದಾಖಲೆಯಲ್ಲಿ, ಮದುವೆಯ ಮಾತುಕತೆಯಲ್ಲಿ ಎದುರಾಗುವ ಪ್ರಶ್ನೆ. ಅದೇ ಸಮುದಾಯದಿಂದ ಕೇಸರಬಾಯಿ ಕೇರ್ಕರ್, ಮೋಗುಬಾಯಿ ಕುರ್ಡೀಕರ್ ಬಂದರು. ನಮ್ಮ ಮಲ್ಲಿಕಾರ್ಜುನ ಮನಸೂರರಂತೆ ಇವರದೂ ಅಲ್ಲಾದಿಯಾ ಖಾನರ ಜೈಪುರ ಘರಾನೆ ಎಂಬುದನ್ನು ಧಾರವಾಡದ ಕಡೆಯ ಓದುಗರಿಗೆ ನೆನಪಿಸಬೇಕಾಗಿಲ್ಲ. 1977ರಲ್ಲಿ ವಾಯೇಜರ್ ನೌಕೆಗಳಲ್ಲಿ ಇಟ್ಟು ಕಳಿಸಿದ ಧ್ವನಿಮುದ್ರಿಕೆಯಲ್ಲಿ ಕೇಸರಬಾಯಿಯವರ ಭೈರವಿ ಇದೆ. ವಿಮೋಚನೆಯ ನಂತರ ಗೋವೆಯ ಮೊದಲ ಮುಖ್ಯಮಂತ್ರಿಯಾದ ದಯಾನಂದ ಬಾಂದೋಡಕರರೂ ಇದೇ ಸಮಾಜದವರು. ಗೆಜ್ಜೆಯನ್ನು ಕಳಚಲು ಒಂದು ಸಮುದಾಯ ಅರ್ಧ ಶತಮಾನ ಹೋರಾಡುತ್ತಿದ್ದಾಗ, ನದಿಯ ಈಚೆ ದಡದಲ್ಲಿ ಅದೇ ಗೆಜ್ಜೆ ಸಂಜೆಯ ವಿನೋದವಾಗಿತ್ತು. ಹಾಡಿ ಮುಗಿದ ಮೇಲೆ ಅದನ್ನು ಬಿಚ್ಚಿಡುವ ಸ್ವಾತಂತ್ರ್ಯ ಯಾರಿಗಿತ್ತು ಎಂಬಲ್ಲಿಯೇ ವೇಷಕ್ಕೂ ಬದುಕಿಗೂ ಇರುವ ಅಂತರ ಗೊತ್ತಾಗುತ್ತದೆ.

ಕುಣಬಿ ಕುಣಿತದ ಕಥೆಯೂ ಇದಕ್ಕಿಂತ ತೀರ ಬೇರೆಯಲ್ಲ. ಸಾಷ್ಟಿಯ ಗದ್ದೆಗಳಲ್ಲಿ ದುಡಿಯುವ ಹೆಂಗಸರ ಕೆಂಪು ಚೌಕಳಿಯ ಸೀರೆ ಇಂದು ಗೋವೆಯ ಪ್ರತಿ ವೇದಿಕೆಯ ಗುರುತು. ವಿನ್ಯಾಸಕಾರ ವೆಂಡೆಲ್ ರಾಡ್ರಿಕ್ಸ್ 2010ರಲ್ಲಿ ಅದನ್ನು ದೆಹಲಿಯ ಫ್ಯಾಷನ್ ಪ್ರದರ್ಶನಕ್ಕೆ ಒಯ್ದರು; ನೇಯ್ಗೆ ಉಳಿಯಬೇಕೆಂಬ ಅವರ ಕಳಕಳಿ ನಿಜವಾದದ್ದೇ. ಗೋವೆಯ ಕುಣಬಿ, ಗಾವಡಾ, ವೇಳೀಪರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಸೀರೆಗೆ ಸಿಕ್ಕ ಮರ್ಯಾದೆ ಉಟ್ಟವರಿಗೆ ಸಿಗಲು ಎಷ್ಟು ಕಾಲ ಬೇಕಾಯಿತು ನೋಡಿ. ಅವರ ಬಂಧುಗಳೇ ನಮ್ಮ ಕರಾವಳಿಯ ಕುಡುಬಿಯರು. ಪೋರ್ಚುಗೀಸರ ಕಾಲದಲ್ಲಿ ಗೋವೆಯನ್ನು ಬಿಟ್ಟು ಉಡುಪಿ, ದಕ್ಷಿಣ ಕನ್ನಡಗಳ ಕಾಡಂಚಿನಲ್ಲಿ ನೆಲೆಸಿದ ಇವರು ಇಂದಿಗೂ ಹೋಳಿಯಲ್ಲಿ ಗುಮಟೆ ಬಡಿದು ಮನೆಮನೆಗೆ ಕುಣಿಯುತ್ತಾ ಬರುತ್ತಾರೆ. ಗೋವೆ ಸರಕಾರ 2019ರಲ್ಲಿ ಘುಮಟವನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು. ಗಡಿ ದಾಟಿ ಹೋದ ಅದೇ ಮಡಕೆ ವಾದ್ಯದವರು ಪರಿಶಿಷ್ಟ ಪಂಗಡಕ್ಕೆ ಸೇರಿಸಿರೆಂದು ಕರ್ನಾಟಕದಲ್ಲಿ ಬಹುಕಾಲದಿಂದ ಕೇಳುತ್ತಲೇ ಇದ್ದಾರೆ.

ಈ ಹಳೆಯ ಮಾತುಗಳು ಇಂದಿನವರಿಗೆ ಏಕೆ ಎಂದು ಸಂಘದ ಕಿರಿಯರು ಕೇಳಬಹುದು. ಅವರ ಕಿವಿಯಲ್ಲಿರುವ ರ‍್ಯಾಪ್ ಸಂಗೀತ ಹಗಲಿರುಳು ಚರ್ಚಿಸುವ ಪ್ರಶ್ನೆಯೇ ಇದು: ಹಾಡುವವನು ನಿಜವಾಗಿ ಆ ಬೀದಿಯವನೇ? ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ 1973ರ ಸುಮಾರಿಗೆ ಹುಟ್ಟಿದ ಈ ಕಲೆಯಲ್ಲಿ ಹುಟ್ಟೂರಿನ ಬೀದಿಯೇ ಯೋಗ್ಯತಾಪತ್ರ. ಮಾದಕದ್ರವ್ಯದ ದೊರೆಯೊಬ್ಬನ ಹೆಸರನ್ನೇ ಇಟ್ಟುಕೊಂಡು ಅದೇ ಲೋಕವನ್ನು ಹಾಡಿದ ರಿಕ್ ರಾಸ್ ಎಂಬ ಗಾಯಕ ಹಿಂದೊಮ್ಮೆ ಸೆರೆಮನೆಯ ಕಾವಲುಗಾರನಾಗಿದ್ದನೆಂದು 2008ರಲ್ಲಿ ಬಯಲಾದಾಗ ದೊಡ್ಡ ಗದ್ದಲವೆದ್ದಿತು. ಸರಕಾರಿ ಸಂಬಳದ ಪ್ರಾಮಾಣಿಕ ನೌಕರಿಯೊಂದು ಕಳಂಕವಾದ ವಿಚಿತ್ರ ಅದು!

ಮೆಕ್ಸಿಕೊದಲ್ಲಿ ಈ ಪ್ರಶ್ನೆಗೆ ಇನ್ನೂ ಆಳವಾದ ಬೇರಿದೆ. ಅಲ್ಲಿ ರ‍್ಯಾಪಿಗೂ ಮೊದಲು ಕೊರಿದೊ ಇತ್ತು. ಅದು ನಮ್ಮ ಲಾವಣಿಯ ಸೋದರಿ. ಗಡಿಯ ಪೊಲೀಸರಿಗೆ ಸಡ್ಡು ಹೊಡೆದು 1901ರಲ್ಲಿ ಸೆರೆಸಿಕ್ಕ ಗ್ರೆಗೋರಿಯೊ ಕೊರ್ತೆಸನನ್ನು ಕುರಿತ ಕೊರಿದೊವನ್ನು ವಿದ್ವಾಂಸ ಅಮೆರಿಕೊ ಪರೇದೆಸ್ 1958ರಲ್ಲಿ ಒಂದು ಪುಸ್ತಕವಾಗಿ ಅಭ್ಯಾಸ ಮಾಡಿದರು. ಕಾಲ ಕಳೆದಂತೆ ವೀರನ ಜಾಗಕ್ಕೆ ಮಾದಕದ್ರವ್ಯದ ಸಾಗಣೆಗಾರ ಬಂದ. ಹಣ ಕೊಟ್ಟು ತನ್ನ ಮೇಲೆ ಹಾಡು ಬರೆಸಿಕೊಳ್ಳುವ ರೂಢಿಯೂ ಬಂತು. ಹಾಗೆ ಕೇಳಿದವರಿಗೆ ಹಾಡು ಕಟ್ಟಿಕೊಡುತ್ತ ಬೆಳೆದ ಚಾಲಿನೊ ಸಾಂಚೆಸ್ 1992ರ ಮೇ ತಿಂಗಳಲ್ಲಿ, ಕುಲಿಯಾಕಾನ್ ಪಟ್ಟಣದ ಕಚೇರಿಯೊಂದರ ನಂತರ ಕೊಲೆಯಾದ. ಸತ್ತ ಮೇಲೆ ಅವನ ಕೀರ್ತಿ ಇಮ್ಮಡಿಸಿತು, ಅವನಂತೆಯೇ ಟೊಪ್ಪಿಗೆಯಿಟ್ಟು ಹಾಡುವ ಹುಡುಗರ ಸಾಲೇ ಹುಟ್ಟಿತು. ಅದೇ ದಶಕದಲ್ಲಿ ಮಾಂಟೆರ‍್ರೆಯ 'ಕಂಟ್ರೋಲ್ ಮಚೇತೆ' ಮುಂತಾದ ತಂಡಗಳು ರ‍್ಯಾಪನ್ನು ಸ್ಪ್ಯಾನಿಷಿಗೆ ಒಗ್ಗಿಸಿದಾಗ, ಬೀದಿಯ ಪ್ರಾಮಾಣ್ಯ ಎಂಬ ಈ ಹೊರೆಯೂ ಅದರ ಹೆಗಲೇರಿತು. ಗಾಯಕನ ಮೈಮೇಲೆ ಗುಂಡಿನ ಗಾಯವಿದೆಯೇ ಎಂದು ಕೇಳುವ ಶ್ರೋತೃ, ಹಾಡು ಚೆನ್ನಾಗಿದೆಯೇ ಎಂದು ಕೇಳುವುದನ್ನು ಮರೆಯುತ್ತಾನೆ. ಮುಂಬಯಿಯ ರ‍್ಯಾಪ್ ಹುಡುಗರ ಕಥೆ 2019ರಲ್ಲಿ 'ಗಲ್ಲಿ ಬಾಯ್' ಸಿನಿಮಾ ಆದ ಮೇಲೆ ನಮ್ಮ ದೇಶದಲ್ಲಿಯೂ 'ಗಲ್ಲಿ' ಎಂಬುದು ಮಾರಾಟದ ಮುದ್ರೆಯಾಯಿತು.

ಹಾಗಾದರೆ ಅಸಲಿತನವನ್ನು ಅಳೆಯುವುದು ಹೇಗೆ? ಹುಟ್ಟಿನಿಂದಲೇ ಎಂದರೆ ನಮ್ಮ ಹಲಗಲಿ ಬೇಡರ ಲಾವಣಿಯೂ ಸೋಲುತ್ತದೆ. ನಿಶ್ಶಸ್ತ್ರೀಕರಣದ ಆಜ್ಞೆಗೆ ಮಣಿಯದೆ 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ದಂಗೆಯೆದ್ದರು, ಊರು ಸುಟ್ಟುಹೋಯಿತು, ಮುಂದಾಳುಗಳು ಗಲ್ಲಿಗೇರಿದರು. ಆ ಲಾವಣಿಯನ್ನು ಇತರ ಕೆಲವು ಲಾವಣಿಗಳೊಡನೆ ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದವರು ಜಾನ್ ಫ್ಲೀಟ್, ದಂಗೆಯನ್ನು ಅಡಗಿಸಿದ ಅದೇ ಆಡಳಿತದ ಅಧಿಕಾರಿ. ಅದರ ಅಂಕಿತದಲ್ಲಿ ಕಾಣುವ ದೇವರು ಕುರ್ತಕೋಟಿಯ ಕಲ್ಮೇಶ. ಕಟ್ಟಿದವನು ಹಲಗಲಿಯ ಬೇಡನೇ ಆಗಿರಬೇಕಾಗಿಲ್ಲ. ಆದರೂ ಆ ಹಾಡನ್ನು ಸೋಗು ಎಂದು ಯಾರೂ ಅನ್ನಲಾರರು. ಏಕೆಂದರೆ ಅದು ಜಡಗ, ಬಾಲ, ಹನುಮ, ರಾಮರನ್ನು ಹೆಸರು ಹಿಡಿದು ಹೇಳುತ್ತದೆ. ದಂಡಿನವರು ದೋಚಿದ್ದನ್ನು ಉಪ್ಪು, ಅರಿಶಿನ, ಬೀಸುವ ಕಲ್ಲಿನವರೆಗೆ ಎಣಿಸುತ್ತದೆ. ಬಡವನ ಮನೆಯಲ್ಲಿ ಏನು ಇರುತ್ತದೆ, ಅದರಲ್ಲಿ ಏನು ಹೋದರೆ ನಾಳೆಯ ಒಲೆ ಹತ್ತುವುದಿಲ್ಲ ಎಂದು ಬಲ್ಲ ಹಾಡು ಅದು. ದೆಖ್ಣಿಯ ಕಲಾವಂತೆ ಒಡವೆಗಳನ್ನು ಎಣಿಸುತ್ತಾಳೆ; ಲಾವಣಿಕಾರ ಅಡುಗೆಮನೆಯನ್ನು ಎಣಿಸುತ್ತಾನೆ. ಎರಡರ ವ್ಯತ್ಯಾಸ ಅಲ್ಲಿಯೇ ಇದೆ ಎಂದು ನಮಗೆ ಅನ್ನಿಸುತ್ತದೆ.

ಇನ್ನು ಉತ್ತರ ಕರ್ನಾಟಕದ ಹರದೇಶಿ ನಾಗೇಶಿ ಮೇಳಗಳು ಈ ಗೊಂದಲವನ್ನು ಬಹಳ ಹಿಂದೆಯೇ ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿದ್ದವು. ಒಂದು ಮೇಳ ಗಂಡು ಹೆಚ್ಚೆಂದು, ಇನ್ನೊಂದು ಹೆಣ್ಣು ಹೆಚ್ಚೆಂದು ರಾತ್ರಿಯಿಡೀ ಸವಾಲು ಜವಾಬು ಹಾಡುತ್ತವೆ. ಇಂದಿನ ಹುಡುಗರು ನೋಡಿದರೆ ಇದನ್ನು ರ‍್ಯಾಪ್ ಕಾಳಗ ಎಂದೇ ಕರೆದಾರು. ಅಲ್ಲಿ ಹಾಡುಗಾರನ ಬೀದಿ ಯಾವುದೆಂದು ಯಾರೂ ಕೇಳುವುದಿಲ್ಲ. ಎದುರಿನವರ ಸವಾಲಿಗೆ ಉತ್ತರ ಕೊಟ್ಟನೇ ಇಲ್ಲವೇ ಎಂದಷ್ಟೇ ನೋಡುತ್ತಾರೆ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರದು ಇನ್ನೊಂದು ದಾರಿ. ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜವಾಗಿದ್ದ ಅವರು ಅದೇ ಕೊರಳಿನಿಂದ ಸಾರಾಯಿ ವಿರೋಧಿ ಹೋರಾಟದಲ್ಲಿಯೂ ನಿಂತರು. 2017ರಲ್ಲಿ ಪದ್ಮಶ್ರೀ ಬಂದಾಗ ಅವರು ಉಟ್ಟಿದ್ದ ಉಡುಗೆ, ತೊಟ್ಟಿದ್ದ ಕರಿಮಣಿ ಸರಗಳು ದಿನವೂ ತೊಡುತ್ತಿದ್ದವೇ. ಸಮಾರಂಭಕ್ಕೆಂದು ಏನನ್ನೂ ಹೊಸದಾಗಿ ಧರಿಸಬೇಕಾಗಿರಲಿಲ್ಲ. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಗೋವೆಯ ಕನ್ನಡಿಗರಾದ ನಾವು ಈ ಚರಿತ್ರೆಯನ್ನು ಪ್ರೇಕ್ಷಕರಾಗಿ ಮಾತ್ರ ಓದಲಾರೆವು. ದಖ್ಖನಿನ ಹೆಣ್ಣಿನ ವೇಷವನ್ನು ಒಂದು ಕಾಲದಲ್ಲಿ ಮೆಚ್ಚಿ ತೊಟ್ಟ ಈ ನೆಲದಲ್ಲಿಯೇ ಇಂದು ಅದೇ ದಿಕ್ಕಿನಿಂದ ಇಳಿದು ಬಂದ ಕೂಲಿಕಾರರನ್ನು 'ಘಾಂಟಿ' ಎಂದು ಕರೆಯುವುದುಂಟು. ವಾಸ್ಕೊದಲ್ಲಿ, ಜುವಾರಿನಗರದಲ್ಲಿ, ಮಡಗಾಂವಿನ ಸಂತೆಯಲ್ಲಿ ಆ ಮಾತನ್ನು ಕೇಳದ ಕನ್ನಡ ಕುಟುಂಬ ಅಪರೂಪ. ಘಟ್ಟದವರು ಎಂಬುದಷ್ಟೇ ಅದರ ಮೂಲಾರ್ಥ. ಆಡುವ ಧಾಟಿ ಬೇರೆ.

ಇದರ ಜೊತೆಗೆ ನಮ್ಮ ವೇದಿಕೆಗಳನ್ನೂ ನೋಡಬೇಕು. ಗೋವೆಯ ಕನ್ನಡ ಸಮಾರಂಭಗಳಲ್ಲಿ ಜನಪದ ನೃತ್ಯವೆಂದರೆ ಬಹುಮಟ್ಟಿಗೆ ಲಂಬಾಣಿ ನೃತ್ಯ. ಕನ್ನಡಿ ಹೊಲಿದ ಲಂಗ, ಬಿಳಿಯ ಬಳೆ, ತೂಗುವ ನಾಣ್ಯದ ಸರ. ಅಂಗಡಿಯಿಂದ ಬಾಡಿಗೆಗೆ ತಂದ ಉಡುಪು, ಧ್ವನಿಮುದ್ರಿತ ಹಾಡು. ಮಕ್ಕಳು ಚೆನ್ನಾಗಿಯೇ ಕುಣಿಯುತ್ತಾರೆ, ನಾವು ಸಂತೋಷದಿಂದಲೇ ಚಪ್ಪಾಳೆ ತಟ್ಟುತ್ತೇವೆ. ಅದೇ ಹೊತ್ತಿನಲ್ಲಿ ಅಂಜುನಾ, ಕಲಂಗುಟ್ ಕಡಲ ತಡಿಯಲ್ಲಿ ಉತ್ತರ ಕರ್ನಾಟಕದ ತಾಂಡಾಗಳಿಂದ ಬಂದ ಲಂಬಾಣಿ ಹೆಂಗಸರು ಮಣಿಸರ, ಕಸೂತಿಯ ಚೀಲಗಳನ್ನು ಹೊತ್ತು ಮಾರುತ್ತಿರುತ್ತಾರೆ. 2001ರ ಪ್ರವಾಸಿ ತಾಣಗಳ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮರಳಿನ ಮೇಲೆ ಹೊತ್ತು ಮಾರುವುದು ಅಪರಾಧ. ಪೊಲೀಸರನ್ನು ಕಂಡರೆ ಗಂಟು ಕಟ್ಟಿಕೊಂಡು ಓಡಬೇಕು. ಅವರಲ್ಲಿ ಹಲವರು ಆ ಕನ್ನಡಿಯ ಲಂಗವನ್ನು ಬಿಟ್ಟು ಸಾದಾ ಸೀರೆಗೆ ಬಂದಿದ್ದಾರೆ. ಲಂಬಾಣಿ ಕಸೂತಿಯ ಪ್ರದರ್ಶನ 2023ರಲ್ಲಿ ಜಿ-20 ಸಭೆಯ ಸಂದರ್ಭದಲ್ಲಿ ಹಂಪಿಯಲ್ಲಿ ಗಿನ್ನೆಸ್ ದಾಖಲೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆ ಕಡಲ ತಡಿಯವರೆಗೆ ಬರಲಿಲ್ಲ.

ಮಕ್ಕಳು ಆ ಲಂಗವನ್ನು ತೊಡಬಾರದು ಎಂದು ನಾವು ಹೇಳುವುದಿಲ್ಲ. ದೆಖ್ಣಿಯನ್ನು ನಿಲ್ಲಿಸಿದ್ದರೆ ಗೋವೆ ಬಡವಾಗುತ್ತಿತ್ತು. ಆದರೆ ದೆಖ್ಣಿಯವರು ಮಾಡದ ಒಂದು ಕೆಲಸ ನಮಗೆ ಸಾಧ್ಯವಿದೆ. ಅವರ ಕಲಾವಂತೆ ನದಿಯ ಆಚೆಗಿದ್ದಳು. ನಮ್ಮ ಲಂಬಾಣಿ ಹೆಂಗಸರು ಇರುವುದು ಬಸ್ಸಿನಲ್ಲಿ ಒಂದು ಗಂಟೆಯ ದೂರದಲ್ಲಿ, ನಮ್ಮೊಡನೆ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಗೋರ್ ಬೋಲಿಯಲ್ಲಿ ಅವರಿಗೆ ಮದುವೆಯ ಹಾಡುಗಳಿವೆ, ಹೋಳಿಯ ಹಾಡುಗಳಿವೆ, ಮಗಳನ್ನು ಕಳಿಸಿಕೊಡುವಾಗ ಅಳುತ್ತ ಹಾಡುವ ಹಾಡುಗಳಿವೆ. ಮುಂದಿನ ಸಮ್ಮೇಳನದ ಕಾರ್ಯಕ್ರಮ ಸಮಿತಿಯವರು ಒಂದು ಗಂಟೆಯನ್ನು ಅವರಿಗಾಗಿ ತೆಗೆದಿಡಬಹುದು. ಆ ದಿನದ ವ್ಯಾಪಾರ ತಪ್ಪುವುದರಿಂದ ಸಂಭಾವನೆಯನ್ನೂ ಕೊಡಬೇಕು. ಮಳೆಗಾಲದಲ್ಲಿ ಅವರಲ್ಲಿ ಹಲವರು ಬಿತ್ತನೆಗೆಂದು ಊರಿಗೆ ಮರಳುತ್ತಾರೆ. ಆದ್ದರಿಂದ ಸಮ್ಮೇಳನ ಚಳಿಗಾಲದಲ್ಲಿ ಇರಬೇಕು. ಅದೂ ಸಂಜೆಯ ವ್ಯಾಪಾರ ಮುಗಿದು, ಎಂಟು ಗಂಟೆಯ ಮೇಲೆ.